ವರ್ತನೆ ಲೆಕ್ಕ

ಎಂ.ಕಾಂ. ಮೂರನೇ ಸೆಮಿಸ್ಟರಿಗೆ ಯಾವ್ಯಾವ ವಿಷಯ ತಗೊಂಡೆ ಅಂತ ಅಜ್ಜಿ ಕೇಳಿದಳು. ರೀಟೇಲಿಂಗ್ ಅಂದರೆ ಅವಳಿಗೆ ಗೊತ್ತಾಗಲಿಕ್ಕಿಲ್ಲ ಅಂತ ಇನ್ನೊಂದರ ಹೆಸರನ್ನು ಕನ್ನಡದಲ್ಲೇ ಹೇಳಿದೆ: ಗ್ರಾಹಕ ವರ್ತನೆ. ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿ, “ವರ್ತನೆ ಲೆಕ್ಕ ಇಡೋದು ಕಲಿಯಕ್ಕೆ ಮೈಸೂರಿಗೆ ಹೋಗ್ಬೇಕಾ? ನಿಮ್ಮಪ್ಪ ಹೇಳ್ಕೊಡಲ್ವಾ?” ಅಂದಳು.

ನಮ್ಮ ಕಡೆ ವರ್ತನೆ ಅಂದರೆ ನಡವಳಿಕೆ ಅಲ್ಲ. ದಿನಾ ತಗೊಂಡು ತಿಂಗಳಿಗೋ ಸುಗ್ಗಿಗೋ ದುಡ್ಡು ಕೊಡುವ ಏರ್ಪಾಡು. ಹಾಲನ್ನು ವರ್ತನೆಗೆ ಹಾಕಿಸಿಕೊಳ್ಳುತ್ತಾರೆ, ಹೂವನ್ನು ವರ್ತನೆಗೆ ಕೊಡುತ್ತಾರೆ. ಹಾಸ್ಟೆಲಿನಲ್ಲಿ ಗೆಳತಿಯರಿಗೆ ಇದನ್ನು ಜೋಕಿನ ಹಾಗೆ ಹೇಳಿ ನಗಿಸಿದ್ದೆ.

ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮದು ದಿನಸಿ ಅಂಗಡಿ. ತಾತ ಇಟ್ಟಿದ್ದು, ಅಪ್ಪ ನಡೆಸುವುದು. 10 ಅಡಿ ಅಗಲ, 16 ಅಡಿ ಉದ್ದ. ಬಾಗಿಲಿಗೆ ಅಡ್ಡವಾಗಿ ಹಲಗೆ ಮೇಜು, ಮೇಜಿನ ಮೇಲೆ ಚಾಕಲೇಟ್ ಭರಣಿಗಳು, ಮೇಲುಗಡೆ ತೋರಣ ಕಟ್ಟಿದ ಹಾಗೆ ಶಾಂಪೂ ಸ್ಯಾಚೆಗಳ ಸರ. ಗಿರಾಕಿ ಹೊರಗೆ ನಿಂತು ಕೇಳಬೇಕು, ಅಪ್ಪ ಒಳಗಿಂದ ತೆಗೆದುಕೊಡಬೇಕು. ಇಂಥ ಅಂಗಡಿ 1916ಕ್ಕಿಂತ ಹಿಂದಿನದು ಅಂತ ನನಗೆ ಕ್ಲಾಸಿನ ಮೊದಲ ವಾರವೇ ಗೊತ್ತಾಯಿತು. ಆ ವರ್ಷ ಅಮೆರಿಕದ ಮೆಂಫಿಸ್ ಊರಿನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಅನ್ನುವವನು ‘ಪಿಗ್ಲಿ ವಿಗ್ಲಿ’ ಅಂತ ಅಂಗಡಿ ತೆರೆದ. ಗಿರಾಕಿಗಳನ್ನು ಒಳಗೆ ಬಿಟ್ಟು, ಕೈಗೊಂದು ಬುಟ್ಟಿ ಕೊಟ್ಟು, ಬೇಕಾದ್ದನ್ನು ನೀವೇ ಎತ್ತಿಕೊಳ್ಳಿ ಅಂದ. ಅದಕ್ಕೆ ಪೇಟೆಂಟ್ ಕೂಡ ತಗೊಂಡ. ಜಗತ್ತಿನ ಸೂಪರ್ ಮಾರ್ಕೆಟ್‌ಗಳೆಲ್ಲ ಆ ಜಾಡಿನಲ್ಲೇ ಬಂದವು. ನಮ್ಮಪ್ಪ ಮಾತ್ರ ಮೇಜಿನ ಹಿಂದೆ.

ನನಗೆ ತಲೆಗೇರಿತು. ಅದು 2023ರ ದಸರಾ ರಜೆ. ಊರಿಗೆ ಬಂದವಳೇ ಅಪ್ಪನನ್ನು ಕಾಡಿ ಬೇಡಿ, ಹಲಗೆ ಮೇಜನ್ನು ಗೋಡೆಗೆ ಸರಿಸಿದೆ. ತಿಪಟೂರಿನಿಂದ ಎರಡು ಕಬ್ಬಿಣದ ರ‍್ಯಾಕ್ ತರಿಸಿದೆ. ಸೋಪು, ಬಿಸ್ಕತ್ತು, ಟೂತ್‌ಪೇಸ್ಟ್ ಎಲ್ಲ ಕಣ್ಣಳತೆಗೆ, ಅಕ್ಕಿ ಬೇಳೆ ಹಿಂದಕ್ಕೆ. ಬೇಳೆಗೆ ಬಂದವರು ಬಿಸ್ಕತ್ತು ದಾಟಿಕೊಂಡೇ ಹೋಗಬೇಕು ಅಂತ ನನ್ನ ಲೆಕ್ಕ. ಆರು ಪ್ಲಾಸ್ಟಿಕ್ ಬುಟ್ಟಿಗಳನ್ನೂ ಇಟ್ಟೆ. ಅಪ್ಪ ಏನೂ ಅನ್ನಲಿಲ್ಲ, ಆಯುಧಪೂಜೆಯ ದಿನ ರ‍್ಯಾಕಿಗೂ ಕುಂಕುಮ ಹಚ್ಚಿದರು.

ಮೊದಲ ದಿನ ಬಂದವರೆಲ್ಲ ಬಾಗಿಲಲ್ಲೇ ನಿಂತರು. “ಒಳಗೆ ಬನ್ನಿ” ಅಂದರೆ ಚಪ್ಪಲಿ ಬಿಟ್ಟು ಬಂದರು. ಬಂದವರು ಸುಮ್ಮನೆ ನಿಂತರು. ಬುಟ್ಟಿಯಲ್ಲಿ ಹುಡುಗರು ಆಟವಾಡಿದರು. ಶಾಪಿಂಗ್ ಕಾರ್ಟ್ ಕಂಡುಹಿಡಿದ ಸಿಲ್ವಾನ್ ಗೋಲ್ಡ್‌ಮನ್‌ಗೂ 1937ರಲ್ಲಿ ಹೀಗೇ ಆಗಿತ್ತು. ಜನ ಮುಟ್ಟದೇ ಇದ್ದಾಗ ಅವನು ಸಂಬಳ ಕೊಟ್ಟು ಗಿರಾಕಿಗಳ ವೇಷದಲ್ಲಿ ಜನರನ್ನು ಬಿಟ್ಟು, ಅಂಗಡಿಯೊಳಗೆ ಗಾಡಿ ತಳ್ಳಿಸಿದ. ನಾನೂ ತಮ್ಮನ ಕೈಗೆ ಬುಟ್ಟಿ ಕೊಟ್ಟು ನಾಕು ಸುತ್ತು ಹೊಡೆಸಿದೆ. “ಏನ್ ಶೆಟ್ರೇ, ಮಗ ಅಂಗ್ಡಿ ಖಾಲಿ ಮಾಡ್ತಾವ್ನೆ” ಅಂತ ನಗೆಯಾಯಿತು ಅಷ್ಟೆ.

ಎರಡನೇ ವಾರಕ್ಕೆ ಗೊತ್ತಾಗಿದ್ದು ಬೇರೆ. ಅಂಗಡಿಯೊಳಗೆ ನಿಂತ ಗಿರಾಕಿಗೆ ಹಿಂದಿನಿಂದ ಯಾರಾದರೂ ತಾಕಿದರೆ ಅವರು ನೋಡುತ್ತಿದ್ದ ಸಾಮಾನು ಬಿಟ್ಟು ಹೊರಟುಬಿಡುತ್ತಾರೆ ಅಂತ ಪಾಕೋ ಅಂಡರ್‌ಹಿಲ್ ಅನ್ನುವವರು ಅಂಗಡಿಗಳಲ್ಲಿ ಕಾದು ನೋಡಿ ಹೇಳಿದ್ದನ್ನು ಪಾಠದಲ್ಲಿ ಓದಿದ್ದೆ. 10 ಅಡಿಯಲ್ಲಿ ಎರಡು ರ‍್ಯಾಕ್ ನಿಲ್ಲಿಸಿದ ಮೇಲೆ ನಮ್ಮಲ್ಲಿ ತಾಕದೆ ಇರುವುದೇ ಕಷ್ಟವಾಗಿತ್ತು. ಸ್ಯಾನಿಟರಿ ಪ್ಯಾಡ್‌ಗಳನ್ನು ಧೈರ್ಯವಾಗಿ ಎದುರಿಗೇ ಜೋಡಿಸಿದ್ದೆ. ಮೊದಲು ಅಮ್ಮ ಪೇಪರಿನಲ್ಲಿ ಸುತ್ತಿ ಕೊಡುವಾಗ ಹೋಗುತ್ತಿದ್ದಷ್ಟೂ ಹೋಗಲಿಲ್ಲ. ಅದನ್ನೂ ಹೇಗೋ ಸರಿಮಾಡಬಹುದಿತ್ತು. ಸರಿಮಾಡಲಾಗದ್ದು ಮೇಲುಕೇರಿಯ ಅಜ್ಜಿ ಹೇಳಿದ ಮಾತು. ರ‍್ಯಾಕಿನ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದಳು. “ಎತ್ಕೊಳ್ಳಜ್ಜಿ, ಯಾವ ಸೋಪು ಬೇಕೋ” ಅಂದೆ. “ಇಲ್ಲ ಕಣವ್ವ. ಕಾಸು ತಂದಿದ್ರೆ ಎತ್ಕೊತಿದ್ದೆ. ಬರೆಸೋಕೆ ಬಂದಿವ್ನಿ. ಸಾಲಕ್ಕೆ ಬಂದೋಳು ನಾನೇ ಕೈ ಹಾಕಿ ಎತ್ಕೊಂಡ್ರೆ ಚೆಂದಾಗಿರ್ತದಾ? ನಿಮ್ಮಪ್ಪ ಕೊಡ್ಲಿ.”

ಪಿಗ್ಲಿ ವಿಗ್ಲಿಯ ಪಾಠದಲ್ಲಿ ಒಂದು ಸಾಲು ಇತ್ತು, ಅಡಿಗೆರೆ ಎಳೆಯದೆ ಬಿಟ್ಟಿದ್ದೆ: ಅಲ್ಲಿ ನಗದು ವ್ಯಾಪಾರ ಮಾತ್ರ.

19ನೇ ದಿನಕ್ಕೆ ಹಲಗೆ ಮೇಜು ತನ್ನ ಜಾಗಕ್ಕೆ ಬಂತು. ಒಂದು ರ‍್ಯಾಕಿನಲ್ಲಿ ಈಗ ಅಮ್ಮನ ಉಪ್ಪಿನಕಾಯಿ ಜಾಡಿಗಳಿವೆ. ಇನ್ನೊಂದು ತಮ್ಮನ ಕೋಣೆಯಲ್ಲಿದೆ, ಅವನು ಅದರ ಮೇಲೆ ಪುಸ್ತಕ ಬಿಟ್ಟು ಬೇರೆಲ್ಲ ಇಟ್ಟಿದ್ದಾನೆ.

ಪ್ರಾಜೆಕ್ಟ್ ಅಂತೂ ಮಾಡಲೇಬೇಕಲ್ಲ. ಊರಲ್ಲೇ ಸರ್ವೆ ಮಾಡಿದೆ. ಪ್ರತಿ ಪ್ರಶ್ನೆಗೂ ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸಂಪೂರ್ಣ ಒಪ್ಪುವುದಿಲ್ಲ’ದವರೆಗೆ ಟಿಕ್ ಹಾಕಲು ಐದು ಚೌಕ. “ನಾನು ಯಾವಾಗಲೂ ಒಂದೇ ಬ್ರ್ಯಾಂಡಿನ ವಸ್ತು ಕೊಳ್ಳುತ್ತೇನೆ” ಅಂತ ಓದಿ ಹೇಳಿದರೆ, “ನೀನೇ ಯಾವುದಕ್ಕಾದ್ರೂ ಟಿಕ್ ಹಾಕ್ಕೋ ತಾಯಿ, ನಿಂಗೆ ಮಾರ್ಕ್ಸ್ ಬಂದ್ರೆ ಸಾಕು” ಅಂದರು. ಅಂಗಡಿ ಆರಿಸುವಾಗ ಯಾವುದು ಮುಖ್ಯ ಅನ್ನೋ ಪ್ರಶ್ನೆಗೆ ಹೆಚ್ಚುಕಮ್ಮಿ ಎಲ್ಲರದೂ ಒಂದೇ ಉತ್ತರ: ಬೆಲೆ.

ಬೆಲೆ ಅಷ್ಟು ಮುಖ್ಯವಾದರೆ ಇವರು ನಮ್ಮಂಗಡಿಗೆ ಯಾಕೆ ಬರಬೇಕು? ಅರಸೀಕೆರೆಯ ದೊಡ್ಡ ಅಂಗಡಿಯಲ್ಲಿ ಬೇಳೆ ಅಗ್ಗ. ದೊಡ್ಡ ಊರು ಸಣ್ಣ ಊರಿನ ವ್ಯಾಪಾರವನ್ನು ಎಳೆದುಕೊಳ್ಳುತ್ತದೆ, ದೂರ ಹೆಚ್ಚಿದಷ್ಟೂ ಎಳೆತ ಕಡಿಮೆ ಅಂತ ವಿಲಿಯಂ ರೈಲಿ 1931ರಲ್ಲೇ ಸೂತ್ರ ಕೊಟ್ಟಿದ್ದ. ನ್ಯೂಟನ್ನನ ಗುರುತ್ವಾಕರ್ಷಣೆಯನ್ನೇ ಸಂತೆಗೆ ತಂದ ಹಾಗೆ. ಆದರೆ ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ. ದೂರ ಇದ್ದ ಹಾಗೇ ಇದೆ, ಟಿಕೆಟ್ಟಿನ ಕಾಸು ಹೋಯಿತು. ನಮ್ಮೂರಿನ ಮಟ್ಟಿಗೆ ರೈಲಿ ಸಾಹೇಬನ ಸೂತ್ರವನ್ನು ಶಕ್ತಿ ಯೋಜನೆ ತಿದ್ದಿತು ಅಂತ ರಿಪೋರ್ಟಿನಲ್ಲಿ ಬರೆದಿದ್ದೆ. ಗೈಡ್ ಮೇಡಂ “ಭಾಷಣ ಬೇಡ” ಅಂತ ಹೊಡೆದು ಹಾಕಿದರು. ಈಗಲೂ ಅದು ಸರಿ ಅಂತಲೇ ನನ್ನ ಹಟ.

ಉತ್ತರ ಸರ್ವೆಯಲ್ಲಿರಲಿಲ್ಲ, ಗಲ್ಲಾದ ಕೆಳಗಿನ ಕೆಂಪು ರಟ್ಟಿನ ಉದ್ದ ಪುಸ್ತಕದಲ್ಲಿತ್ತು. ಮನೆಗೊಂದು ಹಾಳೆ. ಹೆಸರುಗಳೆಲ್ಲ ಅಪ್ಪನ ನಾಮಕರಣ: ‘ಟೈಲರ್ ಮನೆ’, ‘ಕೋಳಿ ಫಾರಂ’, ‘ಮೇಲ್ಕೇರಿ ಅಜ್ಜಿ’, ‘ಬೇವಿನಮರ’. ಬೇವಿನಮರದ ಮನೆಯಲ್ಲಿ ಈಗ ಬೇವಿನ ಮರವಿಲ್ಲ. ಒಂದು ಸಂಜೆ ಪುಸ್ತಕ ನೋಡುತ್ತಾ ಕೂತಿದ್ದೆ. ಕೋಳಿ ಫಾರಂ ಮನೆಯ ಆರು ವರ್ಷದ ಹುಡುಗ ಓಡಿ ಬಂದ. “ಅಮ್ಮ ಹೇಳವ್ಳೆ... ಕಾಲ್ ಕೇಜಿ ಸಕ್ಕರೆ... ಆಮೇಲೆ... ಅದು...” ಎರಡನೆಯದು ದಾರಿಯಲ್ಲಿ ಮರೆತುಹೋಗಿದೆ. ಅಪ್ಪ ಸಕ್ಕರೆ ತೂಗುತ್ತಲೇ, “ಮನೇಗ್ಯಾರ ಬಂದವ್ರಾ?” ಅಂದರು. “ಮಾವ ಬಂದವ್ನೆ.” ಅಪ್ಪ ಕಾಫಿಪುಡಿಯ ಪೊಟ್ಟಣ ತೆಗೆದರು. ಹುಡುಗನ ಮುಖ ಅರಳಿತು. ಸಕ್ಕರೆಯ ಪೊಟ್ಟಣಕ್ಕೆ ದಾರ ಎರಡು ಸುತ್ತು ಸುತ್ತಿ ಬೆರಳಲ್ಲೇ ಕಿತ್ತು, ಹುಡುಗನ ಅಂಗೈಗೆ ಚೂರು ಬೆಲ್ಲ ಇಟ್ಟು, ಬರೆದುಕೊಂಡರು. ಬೆಲ್ಲ ಬರೆಯಲಿಲ್ಲ. ಅದು ಕೊಸರು. ಹಾಸ್ಟೆಲಿನ ಹತ್ತಿರದ ಮಾಲಿನಲ್ಲಿ ನನ್ನ ಕಾರ್ಡಿಗೆ ಸೇರುತ್ತಿದ್ದ ಪಾಯಿಂಟ್‌ಗಳು ನೆನಪಾದವು. ಅವು ಎಷ್ಟಾದವು ಅಂತ ನಾನು ಒಮ್ಮೆಯೂ ನೋಡಿರಲಿಲ್ಲ.

ಕೊಳ್ಳುವ ತೀರ್ಮಾನಕ್ಕೆ ಐದು ಹಂತ ಅಂತ ನಾವು ಉರು ಹೊಡೆದಿದ್ದೆವು: ಬೇಕು ಅನ್ನಿಸುವುದು, ವಿಚಾರಿಸುವುದು, ತೂಗಿ ನೋಡುವುದು, ಕೊಳ್ಳುವುದು, ಕೊಂಡ ಮೇಲಿನ ಸಮಾಧಾನವೋ ಪಶ್ಚಾತ್ತಾಪವೋ. ಆ ಹುಡುಗನ ವಿಷಯದಲ್ಲಿ ನಡುವಿನ ಹಂತಗಳೆಲ್ಲ ಅಪ್ಪನ ತಲೆಯಲ್ಲಿ ನಡೆದುಹೋಗಿದ್ದವು.

ಪುಸ್ತಕದಲ್ಲಿ ಜೂನ್ ಆದ ಮೇಲೆ ಬದಲಾವಣೆ ಎದ್ದು ಕಾಣುತ್ತಿತ್ತು. ತಿಂಗಳ ಮೊದಲ ವಾರದ ಬೇಳೆ, ಎಣ್ಣೆ, ಸೋಪಿನ ಪುಡಿ ಹಾಳೆಗಳಿಂದ ಮಾಯ. ಅವು ಬಸ್ಸು ಹತ್ತಿ ಅರಸೀಕೆರೆಗೆ ಹೋಗಿದ್ದವು, ನಗದಿಗೆ. ಇಪ್ಪತ್ತನೇ ತಾರೀಖಿನ ಮೇಲೆ ಅದೇ ಮನೆಗಳ ಅದೇ ಸಾಮಾನು ನಮ್ಮಲ್ಲಿ ಸಾಲಕ್ಕೆ. ಸೋಪಿನ ಪುಡಿ ಎರಡೂ ಕಡೆ ಒಂದೇ. ನಮ್ಮಲ್ಲಿ ಸಿಗುತ್ತಿದ್ದದ್ದು ಅದರ ಜೊತೆಗೆ ಹತ್ತು ದಿನದ ವಾಯಿದೆ.

ಹತ್ತು ದಿನ ಅಂದೆ, ಆ ವರ್ಷ ಅದು ಹತ್ತು ತಿಂಗಳಾಯಿತು. ನಮ್ಮ ಕಡೆ ಲೆಕ್ಕ ತೀರುವುದು ಕೊಬ್ಬರಿ ಮಾರಿದಾಗ. ಕಾಯಿ ಅಟ್ಟದ ಮೇಲೆ ಹೆಚ್ಚುಕಮ್ಮಿ ವರ್ಷ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ, ಆಮೇಲೆ ಸುಲಿದು ಮಂಡಿಗೆ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು ರೈತರು ಬೀದಿಗಿಳಿದಿದ್ದರು. ಅಪ್ಪನ ಹಾಳೆಗಳು ಭರ್ತಿಯಾಗಿ ಪಕ್ಕದ ಹಾಳೆಗೆ ಹರಿದಿದ್ದವು. ಆ ತಿಂಗಳುಗಳಲ್ಲಿ 100 ಗ್ರಾಂ ಪೇಸ್ಟು ಬರೆಸುತ್ತಿದ್ದವರು 10 ರೂಪಾಯಿಯದಕ್ಕೆ ಇಳಿದಿದ್ದರು. ಶಾಂಪೂ ಮಾತ್ರ ಮೊದಲಿಂದಲೂ ಸ್ಯಾಚೆಯೇ. ದೊಡ್ಡದು ಕೊಂಡರೆ ಅಗ್ಗ ಅನ್ನೋ ಪಾಠ ಅಲ್ಲಿ ತಲೆಕೆಳಗು. ನಮ್ಮಂಗಡಿಯ ಬಾಟಲಿಗೂ ಒಂದು ರೂಪಾಯಿಯ ಸ್ಯಾಚೆಗೂ ಮಿಲಿಲೀಟರಿಗೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿದರೆ ಸ್ಯಾಚೆಯೇ ಅಗ್ಗ! ಇದನ್ನು ಕಂಡುಹಿಡಿದೆ ಅಂತ ಕುಣಿದರೆ ಅಮ್ಮ, “ಬಾಟ್ಲಿ ಕೊಟ್ರೆ ಹುಡುಗ್ರು ಸುರ್ಕೊಂಡು ಖಾಲಿ ಮಾಡ್ತವೆ, ಅದಕ್ಕೇ ಯಾರೂ ತಗಳಲ್ಲ” ಅಂತ ಒಂದೇ ಮಾತಲ್ಲಿ ಮುಗಿಸಿದಳು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು “ನಿನ್ನ ಸ್ಟಡಿಯಲ್ಲಿ ಡಿಪೆಂಡೆಂಟ್ ವೇರಿಯಬಲ್ ಯಾವುದಮ್ಮ?” ಅಂದರು. ಗಾಬರಿಯಲ್ಲಿ “ಕೊಬ್ಬರಿ ರೇಟು ಸರ್” ಅಂದುಬಿಟ್ಟೆ. ಡಿಪೆಂಡೆಂಟ್ ಅಂದರೆ ಬೇರೊಂದರಿಂದ ಬದಲಾಗುವುದು, ಬದಲಾಯಿಸುವುದು ಇಂಡಿಪೆಂಡೆಂಟ್. ಕೊಬ್ಬರಿ ರೇಟು ಇಂಡಿಪೆಂಡೆಂಟ್ ಅಂತ ಹಿಂದೆ ಕೂತ ಗೆಳತಿ ಕೆಮ್ಮಿದಳು. ಪರೀಕ್ಷಕರೂ ತೆಂಗಿನ ಸೀಮೆಯವರಿರಬೇಕು, ನಕ್ಕು ಪಾಸು ಮಾಡಿದರು.

ಈಗ ಬೆಂಗಳೂರಿನಲ್ಲಿ ಕೆಲಸ. ಆನ್‌ಲೈನ್ ದಿನಸಿಯ ಒಂದು ಕಂಪನಿಯಲ್ಲಿ ಯಾರು ಏನು ಕೊಂಡರು, ಯಾರು ಬಿಟ್ಟರು ಅಂತ ನೋಡುವುದು. 30 ದಿನ ಏನೂ ಕೊಳ್ಳದಿದ್ದವರ ಹೆಸರು ನನ್ನ ಪರದೆಯ ಮೇಲೆ ಕೆಂಪಾಗುತ್ತದೆ, ಅವರಿಗೊಂದು ಕೂಪನ್ ಹೋಗುತ್ತದೆ. ಇದನ್ನು ಅಪ್ಪನಿಗೆ ವಿವರಿಸಿದಾಗ ಅವರು ಸ್ವಲ್ಪ ಯೋಚಿಸಿ, “ಬಾಕಿ ಇದ್ದೋರು ಬಂದೇ ಬರ್ತಾರೆ. ಪೂರ್ತಿ ತೀರಿಸಿದೋರನ್ನ ನೋಡ್ಕೋಬೇಕು” ಅಂದರು. ನಮ್ಮ ಕಂಪನಿಯ ಮೀಟಿಂಗಿನಲ್ಲಿ ಇದನ್ನು ಹೇಗೆ ಹೇಳುವುದೋ ತಿಳಿಯದೆ ಸುಮ್ಮನಿದ್ದೇನೆ.

2025ರ ಜೂನಿನಲ್ಲಿ ಊರಿಗೆ ಹೋಗಿದ್ದೆ. ಕೊಬ್ಬರಿ ಕ್ವಿಂಟಲಿಗೆ 20,000 ದಾಟಿ ಓಡುತ್ತಿತ್ತು. ಸಂಜೆ ಹೊತ್ತಿಗೆ ಮೇಲುಕೇರಿಯ ಅಜ್ಜಿ ಬಂದಳು, ಸೆರಗಿನ ಗಂಟಿನಲ್ಲಿ ಐನೂರರ ನೋಟುಗಳು. ಅಪ್ಪ ಕೆಂಪು ಪುಸ್ತಕ ತೆಗೆದು, ಎರಡು ವರ್ಷದ ಹಾಳೆಗಳನ್ನು ಕೂಡಿಸಿ, ಮೊತ್ತ ಓದಿ ಹೇಳಿದರು: 6,212. ಅಜ್ಜಿ ಎಂಜಲು ಹಚ್ಚಿ ಎಣಿಸಿ, ಚಿಲ್ಲರೆಗೆ ಚೀಲ ತಡಕತೊಡಗಿದಳು.

“ಹನ್ನೆರಡು ರೂಪಾಯಿ ಇರ್ಲಿ ಬುಡಜ್ಜಿ, ಇನ್ನೊಂದ್ಸಲ ಕೊಡೀವಂತೆ” ಅಂದರು ಅಪ್ಪ. ಹೊಸ ಹಾಳೆಯ ಮೇಲೆ ‘ಮೇಲ್ಕೇರಿ ಅಜ್ಜಿ’ ಅಂತ ಬರೆದು, ಅದರ ಕೆಳಗೆ ‘ಹಳೇ ಬಾಕಿ 12’ ಅಂತ ಬರೆದುಕೊಂಡರು.