ಚರ್ಚಿನಲ್ಲಿ ಹೆಂಗಸರು ಪ್ರಸಂಗ ಮಾಡಬಹುದೇ? ಕೇಳಿದವರಿಗೆಲ್ಲ ನನ್ನ ಉತ್ತರ

"ಸಭೆಯಲ್ಲಿ ಹೆಂಗಸರು ಮಾತಾಡಬಾರದು ಅಂತ ಬೈಬಲಿನಲ್ಲಿ ಅಪೊಸ್ತಲ ಪೌಲನೇ ಬರೆದಿದ್ದಾನಲ್ಲ ಅಕ್ಕ, ನೀವು ಹೇಗೆ ಪ್ರಸಂಗ ಮಾಡ್ತೀರಿ?" ಹೆಚ್ಚಿನವರು ಇದನ್ನು ಜಗಳಕ್ಕೆಂದು ಕೇಳುವುದಿಲ್ಲ, ತಿಳಿಯಬೇಕೆಂದೇ ಕೇಳುತ್ತಾರೆ. ಪ್ರಸಂಗವನ್ನು, ಅಂದರೆ ಬೈಬಲಿನ ಉಪದೇಶವನ್ನು, ಹೆಂಗಸರು ಮಾಡಬಹುದು, ದೇವರ ಕರೆ ಇದ್ದವಳು ಮಾಡಲೇಬೇಕು ಅನ್ನುವುದು ನನ್ನ ಉತ್ತರ.

ಆ ವಚನ ಇರುವುದು ಕೊರಿಂಥ ಪಟ್ಟಣದ ಸಭೆಗೆ ಪೌಲ ಬರೆದ ಪತ್ರದಲ್ಲಿ, ಅಂದರೆ ಒಂದನೆಯ ಕೊರಿಂಥದ 14ನೆಯ ಅಧ್ಯಾಯದಲ್ಲಿ. ದಯವಿಟ್ಟು ಅಧ್ಯಾಯ ಪೂರ್ತಿ ಓದಿ. ಪೌಲನು ಸುಮ್ಮನಿರಲು ಹೇಳುವುದು ಹೆಂಗಸರಿಗೆ ಮಾತ್ರವಲ್ಲ. ಅರ್ಥ ಹೇಳುವವರಿಲ್ಲದಿದ್ದರೆ ಅನ್ಯಭಾಷೆಯಾಡುವವನು, ಅಂದರೆ ಆತ್ಮಪ್ರೇರಣೆಯಿಂದ ಕೇಳುವವರಿಗೆ ತಿಳಿಯದ ಭಾಷೆಯಲ್ಲಿ ಮಾತಾಡುವವನು, ಸುಮ್ಮನಿರಬೇಕು (ವಚನ 28). ಪಕ್ಕದಲ್ಲಿ ಕೂತವನಿಗೆ ದೇವರಿಂದ ಪ್ರಕಟನೆಯಾದರೆ ಪ್ರವಾದಿಸುತ್ತಿರುವವನು, ಅಂದರೆ ದೇವರ ಸಂದೇಶ ಹೇಳುತ್ತಿರುವವನು, ಸುಮ್ಮನಾಗಬೇಕು (30). ಸ್ತ್ರೀಯರ ಮಾತು ಬರುವುದು ಆಮೇಲೆ, 34ರಲ್ಲಿ. ಮೊದಲಿನ ಇಬ್ಬರಿಗೆ ಅದು ಆ ಹೊತ್ತಿನ ಶಿಸ್ತು, ನಮಗೆ ಮಾತ್ರ ಬಾಯಿಗೆ ಕಾಯಂ ಬೀಗ. ಇದು ಯಾವ ನ್ಯಾಯ? ಅದೇ ಪತ್ರದ 11ನೆಯ ಅಧ್ಯಾಯ ಸ್ತ್ರೀ ಪ್ರವಾದಿಸುವಾಗ ತಲೆಗೆ ಮುಸುಕು ಇರಲಿ ಅನ್ನುತ್ತದೆ. ಮಾತೇ ಆಡಬಾರದವಳಿಗೆ ಮುಸುಕಿನ ನಿಯಮ ಏಕೆ ಬೇಕಿತ್ತು?

ಪೌಲ ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ ಮಾತು ಇನ್ನೂ ಬಿಗಿ. ಉಪದೇಶಿಸಲು ಸ್ತ್ರೀಗೆ ಅಪ್ಪಣೆ ಇಲ್ಲ ಎಂದೇ ಅಲ್ಲಿದೆ, ಅದನ್ನು ನಾನು ಹಾರಿಸಿ ಓದುವುದಿಲ್ಲ. ಆದರೆ ತಿಮೊಥೆಯ ಆಗ ಇದ್ದದ್ದು ಎಫೆಸ ಪಟ್ಟಣದಲ್ಲಿ, ತಪ್ಪು ಬೋಧನೆ ಮಾಡುವ ದುರ್ಬೋಧಕರ ಕಾಟದ ನಡುವೆ. ಇದೇ ಎಫೆಸದಲ್ಲಿ ಹಿಂದೆ ಪ್ರಿಸ್ಕಿಲ್ಲಳೂ ಅವಳ ಗಂಡ ಅಕ್ವಿಲನೂ ಅಪೊಲ್ಲೋಸನಂಥ ಮಾತುಗಾರನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿಕೊಟ್ಟರು. ಪೌಲ ಅವಳನ್ನು ಗದರಿಸಲಿಲ್ಲ. ರೋಮಾಪುರದವರಿಗೆ ಬರೆದಾಗ ಗಂಡನಿಗಿಂತ ಮೊದಲು ಅವಳ ಹೆಸರು ಹೇಳಿ ವಂದನೆ ಕಳಿಸಿದ. ಹಾಗಾಗಿ ಆ ತಡೆ ಅಲ್ಲಿನ ತೊಂದರೆಗೆ ಹಾಕಿದ್ದು ಎಂದೇ ನನ್ನ ನಂಬಿಕೆ.

ನಮ್ಮ ನೆಲದವರೇ ಆದ ಪಂಡಿತಾ ರಮಾಬಾಯಿಯವರನ್ನು ನೋಡಿ. 1858ರಲ್ಲಿ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತ ಕಲಿಸಿ ಜನರ ವಿರೋಧ ಕಟ್ಟಿಕೊಂಡವರು. ಮಗಳು 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು, ಮುಂದೆ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಪುಣೆಯ ಹತ್ತಿರದ ಕೇಡಗಾಂವದಲ್ಲಿ ಅವರು ಕಟ್ಟಿದ ಮುಕ್ತಿ ಮಿಷನ್‌ನಲ್ಲಿ ವಿಧವೆಯರೂ ಬರಗಾಲದಲ್ಲಿ ದಿಕ್ಕಿಲ್ಲದಾದ ಹೆಣ್ಣುಮಕ್ಕಳೂ ಇದ್ದರು. 1905ರ ಉಜ್ಜೀವನದಲ್ಲಿ, ಅಂದರೆ ಭಕ್ತಿಯ ಹೊಸ ಅಲೆ ಎದ್ದಾಗ, ಅಲ್ಲಿನ ಹುಡುಗಿಯರು ತಂಡತಂಡವಾಗಿ ಸುತ್ತಲಿನ ಹಳ್ಳಿಗಳಿಗೆ ಹೋಗಿ ಸುವಾರ್ತೆ ಸಾರಿದರು. ಊರಿನವರು ಮುಖ ನೋಡಲೂ ಒಪ್ಪದಿದ್ದ ವಿಧವೆ ಊರ ನಡುವೆ ನಿಂತು ಮಾತಾಡುವುದೆಂದರೆ ಏನು, ಸ್ವಲ್ಪ ಯೋಚಿಸಿ.

ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ 2013ರಲ್ಲಿ ಮಹಿಳೆಯೊಬ್ಬರನ್ನು ನಂದ್ಯಾಲದ ಬಿಷಪ್ ಮಾಡಿತು. ಆದರೂ ಎಷ್ಟೋ ಕಡೆ ಸಂಡೇಸ್ಕೂಲಿಗೆ, ಉಪವಾಸ ಕೂಟಕ್ಕೆ, ಆಸ್ಪತ್ರೆಯಲ್ಲಿ ಮಲಗಿದವರ ಪ್ರಾರ್ಥನೆಗೆ ಅಕ್ಕಂದಿರು ಬೇಕು, ಕನ್ವೆನ್ಷನ್ ಎಂಬ ದೊಡ್ಡ ಪ್ರಸಂಗ ಕೂಟಗಳ ಕರಪತ್ರದಲ್ಲಿ ಅವರ ಹೆಸರು ಮಾತ್ರ ಇರುವುದಿಲ್ಲ. ಆ ಕರಪತ್ರ ಅಚ್ಚು ಹಾಕಿಸುವ ಅಣ್ಣಂದಿರಲ್ಲಿ ನನ್ನದೊಂದು ಕೋರಿಕೆ: ಈ ಸಲ ಒಂದು ಸಂಜೆಯನ್ನು ಅವರಲ್ಲೊಬ್ಬರಿಗೆ ಕೊಡಿ. ಐದು ನಿಮಿಷದ ಸಾಕ್ಷಿಗಲ್ಲ, ಪೂರ್ತಿ ಪ್ರಸಂಗಕ್ಕೆ.