ಹೆಸರುಗಳಿವೆ, ಮುಖಗಳನ್ನು ಹುಡುಕಬೇಕು

ಬೆಂಗಳೂರಿನಿಂದ ಬಂದ ನೆಂಟರಿಗೆ ವಾಷಿಂಗ್ಟನ್ ತೋರಿಸುವಾಗ ವಿಯೆಟ್ನಾಂ ಯುದ್ಧದಲ್ಲಿ ಮಡಿದ ಅಮೆರಿಕದ ಯೋಧರ ಸ್ಮಾರಕದ ಮುಂದೆ ನಿಲ್ಲಿಸಿ, "ಈ ಕಲ್ಲು ನಮ್ಮೂರಿಂದು" ಅನ್ನುತ್ತೇನೆ. ತಕ್ಷಣಕ್ಕೆ ಯಾರೂ ನಂಬುವುದಿಲ್ಲ. ಆದರೆ ಮಾತು ನಿಜ. ಸ್ಮಾರಕವೆಂದರೆ ಒಂದು ಉದ್ದ ಗೋಡೆ. ನೋಡುವವರ ಮುಖ ಕಾಣುವಷ್ಟು ಹೊಳೆಯುವ ಅದರ ಕಪ್ಪು ಗ್ರಾನೈಟ್ ಬೆಂಗಳೂರಿನಿಂದ ಹೋದದ್ದು. ವಿನ್ಯಾಸ ಮಾಡಿದ ಮಾಯಾ ಲಿನ್‌ಗೆ ಆಗ 21 ವರ್ಷ, ಇನ್ನೂ ವಿದ್ಯಾರ್ಥಿನಿ. 1982ರ ನವೆಂಬರ್‌ನಲ್ಲಿ ಲೋಕಾರ್ಪಣೆಯಾಯಿತು. 58 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಹುದ್ದೆ ಬರೆದಿಲ್ಲ. ಯಾರು ಯಾವ ದಿನ ಬಿದ್ದರೋ ಅದೇ ಕ್ರಮದಲ್ಲಿ ಹೆಸರು.

ಇದನ್ನು ಈಗ ಬರೆಯಲು ಕಾರಣ ನಮ್ಮ ಚಿಕ್ಕಪ್ಪ. ಸೇನೆಯ ಎಂಜಿನಿಯರ್ ಪಡೆ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಇದ್ದವರು. ಹಲಸೂರು, ಲಿಂಗರಾಜಪುರದ ಸುತ್ತ ನೆಲೆಸಿರುವ ಅವರ ಓರಗೆಯ ನಿವೃತ್ತ ಸೈನಿಕರು ಸೇರಿ, ಯೋಧರ ನೆನಪಿಗೆ ಒಂದು ಸಂದರ್ಶಕರ ಕೇಂದ್ರ ಕಟ್ಟಬಹುದೇ ಎಂದು ಲೆಕ್ಕ ಹಾಕುತ್ತಿದ್ದಾರೆ. ಜಾಗ ಎಲ್ಲಿ, ದುಡ್ಡು ಎಷ್ಟು, ನೋಡಲು ಬರುವವರು ಯಾರು? "ಅಲ್ಲಿ ಹೆಂಗೆ ಮಾಡಿದಾರೆ ನೋಡಿ ಹೇಳು ಮಗಾ" ಅಂದರು.

ಇಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಕಥೆ ತಿಳಿದರೆ ಅವರಿಗೆ ಉಪಯೋಗವಾದೀತು. ಯುದ್ಧ ಕಂಡವರಿಗೆ ಗೋಡೆಯ ಮೇಲಿನ ಹೆಸರೇ ಸಾಕು, ಆಮೇಲೆ ಹುಟ್ಟಿದವರಿಗೆ ಸಾಲದು ಎಂಬ ಮಾತು ಎದ್ದಿತು. ಪಕ್ಕದಲ್ಲೇ ನೆಲದಡಿ ಒಂದು ಕೇಂದ್ರ ಕಟ್ಟಲು ಅಮೆರಿಕದ ಸಂಸತ್ತು 2003ರಲ್ಲಿ ಒಪ್ಪಿತು. 2012ರಲ್ಲಿ ಗುದ್ದಲಿ ಪೂಜೆಯೂ ಆಯಿತು. ಖರ್ಚು ಹತ್ತು ಕೋಟಿ ಡಾಲರ್ ಮೀರುವ ಅಂದಾಜು. ದೇಣಿಗೆ ಅಷ್ಟು ಬರಲಿಲ್ಲ. 2018ರಲ್ಲಿ ಯೋಜನೆಯನ್ನೇ ಕೈಬಿಟ್ಟರು.

ಆ ಕೇಂದ್ರದಲ್ಲಿ ಪ್ರತಿ ಯೋಧನ ಫೋಟೋವನ್ನು ಅವನು ಹುಟ್ಟಿದ ದಿನ ತೋರಿಸುವ ಆಸೆಯಿತ್ತು. ಕಟ್ಟಡ ಬಿಟ್ಟರೂ ಫೋಟೋ ಹುಡುಕುವುದನ್ನು ಬಿಡಲಿಲ್ಲ. ಊರೂರಿನ ಸ್ವಯಂಸೇವಕರು ಹುಡುಕಿ ಹುಡುಕಿ, 2022ರ ಹೊತ್ತಿಗೆ ಗೋಡೆಯ ಒಂದೊಂದು ಹೆಸರಿಗೂ ಕನಿಷ್ಠ ಒಂದು ಫೋಟೋ ಸೇರಿಸಿದರು. ನನಗೆ ಇದು ಯಾವ ಕಟ್ಟಡಕ್ಕಿಂತಲೂ ದೊಡ್ಡ ಕೆಲಸ.

ಗೋಡೆಯ ಬುಡದಲ್ಲಿ ಜನ ಪತ್ರ, ಪದಕ, ಬೂಟು ಇಟ್ಟು ಹೋಗುತ್ತಾರೆ. ಅವನ್ನು ಉದ್ಯಾನ ಇಲಾಖೆಯವರು ಎತ್ತಿ ಜೋಪಾನ ಮಾಡುತ್ತಾರೆ, ಈವರೆಗೆ ನಾಲ್ಕು ಲಕ್ಷಕ್ಕೂ ಹೆಚ್ಚು. ಒಮ್ಮೆ ಒಬ್ಬ ವೃದ್ಧೆ ಅಣ್ಣನ ಹೆಸರಿನ ಮೇಲೆ ಕಾಗದ ಒತ್ತಿ ಹಿಡಿದಿದ್ದರು. ಸ್ವಯಂಸೇವಕನೊಬ್ಬ ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದ. ಬೂದು ಬಣ್ಣದ ನಡುವೆ ಬಿಳಿ ಅಕ್ಷರಗಳು ಒಂದೊಂದಾಗಿ ಎದ್ದವು. ಅವನೂ ಆ ಯುದ್ಧಕ್ಕೆ ಹೋಗಿ ಬಂದವನು. ಆಕೆ ಕೇಳಿದ್ದಕ್ಕೆಲ್ಲ ನಿಧಾನವಾಗಿ ಉತ್ತರ ಕೊಟ್ಟ.

ಚಿಕ್ಕಪ್ಪನಿಗೆ ಹೇಳಿದ್ದು ಇಷ್ಟೇ: ಕಟ್ಟಡದಿಂದ ಶುರು ಮಾಡಬೇಡಿ. ಕಲ್ಲಿಗೆ ನಮ್ಮಲ್ಲಿ ಯಾವತ್ತೂ ಬರವಿಲ್ಲ. ಬೆಂಗಳೂರು ಎಂಬ ಹೆಸರು ಮೊದಲು ಸಿಗುವುದೇ ಬೇಗೂರಿನ ವೀರಗಲ್ಲಿನಲ್ಲಿ, ಕ್ರಿ.ಶ. 890ರ ಸುಮಾರಿನದು. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ 75 ಅಡಿಯ ವೀರಗಲ್ಲಿದೆ, 22 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಇನ್ನು ಜಾಗದ ಮಾತಿಗೆ ಬಂದರೆ, ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಇದ್ದ ಮನೆಯೇ ಸಾಕಾಯಿತು. ಹೊಸದೇ ಕಟ್ಟುವುದಾದರೆ ಮುಂದಿನ ನಿರ್ವಹಣೆಯ ದುಡ್ಡನ್ನೂ ಈಗಲೇ ಎತ್ತಿಡಬೇಕು. ವಾಷಿಂಗ್ಟನ್‌ನ ಸ್ಮಾರಕಗಳಿಗೆ ಕಟ್ಟುವ ಖರ್ಚಿನ ಶೇ. 10ರಷ್ಟನ್ನು ಪ್ರತ್ಯೇಕ ಇಡಬೇಕೆಂಬ ಕಾನೂನೇ ಇದೆ.

ಕಟ್ಟಡಕ್ಕೆ ಹತ್ತು ವರ್ಷ ತಡವಾದರೂ ನಡೆದೀತು. 71ರ ಯುದ್ಧಕ್ಕೆ ಹೋದವರಿಗೆ ಈಗ ಎಪ್ಪತ್ತು ದಾಟಿದೆ, ಅವರು ಕಾಯಲಾರರು. ಆ ಯುದ್ಧದಲ್ಲಿ ಪಶ್ಚಿಮ ಗಡಿಯ ಬಸಂತರ್ ನದಿಯ ಹತ್ತಿರ, ಡಿಸೆಂಬರ್ 15ರ ರಾತ್ರಿ, ಟ್ಯಾಂಕುಗಳಿಗೆ ದಾರಿ ಮಾಡಲು ನೆಲಬಾಂಬ್ ತೆರವು ಮಾಡಿದ್ದನ್ನು ಚಿಕ್ಕಪ್ಪ ಟೀಪಾಯಿ ಮೇಲೆ ಬೆರಳಾಡಿಸಿ ತೋರಿಸುತ್ತಾರೆ. ಮನೆಯವರು ಬಿಟ್ಟರೆ ಅದನ್ನು ಯಾರೂ ಕೇಳಿಲ್ಲ.

ಅವರ ಗುಂಪು ಈಗ ಫೋಟೋ ಮತ್ತು ಧ್ವನಿಮುದ್ರಣದಿಂದ ಶುರು ಮಾಡೋಣ ಅಂದಿದೆ. ನಿಮ್ಮ ಮನೆಯ ಟ್ರಂಕಿನಲ್ಲೂ ಸಮವಸ್ತ್ರದ ಹಳೇ ಫೋಟೋ ಇದ್ದರೆ, ಗಡಿಯಿಂದ ಬಂದ ಇನ್‌ಲ್ಯಾಂಡ್ ಪತ್ರ ಇದ್ದರೆ ಹೊರಗೆ ತೆಗೆಯಿರಿ. ಯಾರದು, ಯಾವ ವರ್ಷದ್ದು, ಎಲ್ಲಿಯದು ಎಂದು ಗೊತ್ತಿರುವವರನ್ನು ಈ ವಾರವೇ ಕೇಳಿ ಬರೆದಿಡಿ.