ಕೈ ಹೋಗುವಷ್ಟು ಜಾಗ

ಭಾನುವಾರವೆಲ್ಲ ಪುಣೆ ಹತ್ತಿರದ ಭೋಸರಿಯ ಶೆಡ್‌ನಲ್ಲೇ ಹೋಯಿತು. ಧಾರವಾಡದ ಮಾವ ಕಟ್ಟುತ್ತಿರುವ ಪುಟ್ಟ ವಿಮಾನದ ರೆಕ್ಕೆಯೊಳಗೆ ಭುಜದವರೆಗೂ ಕೈ ತೂರಿಸಿ ಕೂತಿದ್ದೆ. ಫಳ್ ಫಳ್ ಮಿನುಗುವ ಸ್ಟ್ರೋಬ್ ದೀಪದ ಪವರ್ ಬಾಕ್ಸನ್ನು ಹೋದ ತಿಂಗಳು ನಾನೇ ರೆಕ್ಕೆಯೊಳಗಿನ ರಿಬ್‌ಗೆ, ಅಂದರೆ ಅಡ್ಡ ಪಕ್ಕೆಲುಬಿಗೆ, ಬೋಲ್ಟ್ ಮಾಡಿದ್ದೆ. ಈಗ ತೆಗೆಯೋಣ ಅಂದರೆ ನಟ್ ಹಿಂದುಗಡೆ. ಸ್ಪ್ಯಾನರ್ ಹೋಗಲ್ಲ, ಬೆರಳು ತಿರುಗಲ್ಲ.

"ಹಾಕೋವಾಗ ರೆಕ್ಕಿ ತೆರೆದಿತ್ತು. ತೆಗಿಯೋವಾಗ ಮುಚ್ಚಿರ್ತದೋ ತಮ್ಮಾ" ಅಂದರು ಮಾವ, ಚಹಾ ಹೀರುತ್ತಾ.

ಕೊನೆಗೆ ಬಾಕ್ಸನ್ನು ರೆಕ್ಕೆಯಡಿಯ ತಪಾಸಣೆ ಕಿಂಡಿಯ ಮುಚ್ಚಳದ ಒಳಮೈಗೇ ಕೂರಿಸಿದೆವು. ಕಿಂಡಿಯ ಅಂಚಿಗೆ ನಟ್‌ಪ್ಲೇಟ್ (ನಟ್ ಕೂಡಿಸಿದ ಪುಟ್ಟ ತಗಡು) ರಿವೆಟ್ ಮಾಡಿದ್ದರಿಂದ ಒಳಗೆ ನಟ್ ಹಿಡಿಯುವ ಕೆಲಸವಿಲ್ಲ. ಸ್ಕ್ರೂ ಬಿಚ್ಚಿದರೆ ಮುಚ್ಚಳದ ಜೊತೆ ಬಾಕ್ಸೂ ಕೈಗೆ ಬರುತ್ತದೆ. ವೈರ್ ಒಂದು ಗೇಣು ಜಾಸ್ತಿ ಬಿಟ್ಟೆವು, ಕನೆಕ್ಟರ್ ಹೊರಗೆಳೆದೇ ಬಿಡಿಸಬಹುದು. ವೈರ್ ಹಾಯುವ ರಿಬ್ ತೂತಿಗೆ ರಬ್ಬರ್ ಗ್ರಾಮೆಟ್, ಅಂದರೆ ಅಂಚು ಮುಚ್ಚುವ ಬಳೆ. ಇಲ್ಲದಿದ್ದರೆ ಅದುರಿ ಅದುರಿ ತಗಡಿನ ಅಂಚು ವೈರನ್ನೇ ಕೊಯ್ಯುತ್ತದೆ. ಹಾಂ, ಸ್ವಿಚ್ ಆರಿಸಿದ ತಕ್ಷಣ ಬಾಕ್ಸ್ ಮುಟ್ಟಬಾರದು. ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ.

ಮುಂಬೈನ ಅಮೋಲ್ ಯಾದವ್ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದ್ದನ್ನು ಓದಿದಾಗ ಎಂಜಿನ್, ರೆಕ್ಕೆ ಅಂತ ಬೆರಗಾಗಿದ್ದೆ. ಸ್ಕ್ರೂ ಎಲ್ಲಿರಬೇಕು ಅಂತ ಯಾರು ಯೋಚಿಸ್ತಾರೆ, ಅಲ್ವಾ?

ರಾತ್ರಿ ಮನೆಗೆ ಬಂದರೆ ಗೀಸರ್ ಕೆಟ್ಟಿದೆ. ಅದರ ವೈರ್ ಜಾಯಿಂಟ್ ಟೈಲ್ಸ್ ಹಿಂದಿದೆ.